ಯಾರೂ ಕೇಳದ ದೇಶವೇ?

2025ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತಿನೆದುರು ಮಾತಾಡುತ್ತ ಅಧ್ಯಕ್ಷ ಟ್ರಂಪ್, ಲೆಸೊಥೊ ಎಂಬ ದೇಶದ ಹೆಸರನ್ನೇ ಯಾರೂ ಕೇಳಿಲ್ಲವೆಂದು ಲೇವಡಿ ಮಾಡಿದರು. ಸದನ ನಕ್ಕಿತು. ಬ್ರಿಟನ್ನಿನ ವೇಲ್ಸ್ ನಾಡಿನ ಎಷ್ಟೋ ಶಾಲಾ ಮಕ್ಕಳಿಗೆ ಮಾತ್ರ ಆ ಹೆಸರು ನಲವತ್ತು ವರ್ಷಗಳಿಂದ ಗೊತ್ತು.

1985ರಲ್ಲಿ ಕಾರ್ಲ್ ಕ್ಲೌಸ್ ಎಂಬ ವೈದ್ಯರು ಸಂಗಾತಿಗಳೊಡನೆ ‘ಡೋಲೆನ್ ಕಮ್ರಿ’ ಎಂಬ ಸಂಸ್ಥೆ ಕಟ್ಟಿದರು. ‘ವೇಲ್ಸ್ ಕೊಂಡಿ’ ಎಂದು ಅದರರ್ಥ. ನಾಲ್ಕು ಸುತ್ತಲೂ ದಕ್ಷಿಣ ಆಫ್ರಿಕಾವೇ ಇರುವ, ಸುಮಾರು ಇಪ್ಪತ್ತು ಲಕ್ಷ ಜನರ ಲೆಸೊಥೊ ಜೊತೆ ಇಡೀ ನಾಡಿಗೇ ನಂಟು ಬೆಳೆಸುವುದು ಅವರ ಹಂಬಲ. ಎರಡೂ ಬೆಟ್ಟದ ನಾಡುಗಳು. ಎರಡೂ ಬಲಾಢ್ಯ ನೆರೆಯವನ ಪಕ್ಕದಲ್ಲಿ ತಮ್ಮ ನುಡಿ ಉಳಿಸಿಕೊಂಡಂಥವು. ಎರಡು ಕಡೆಯ ಗಂಡಸರೂ ಗಣಿಗಿಳಿದವರೇ: ಇವರು ಕಲ್ಲಿದ್ದಲಿಗೆ, ಅವರು ನೆರೆದೇಶದ ಚಿನ್ನಕ್ಕೆ. ಬ್ರಿಟನ್ನಿನ ಗಣಿ ಕಾರ್ಮಿಕರ ದೊಡ್ಡ ಮುಷ್ಕರ ಸೋತು ಮುಗಿದದ್ದೂ ಅದೇ 1985ರಲ್ಲಿ. ಉಳ್ಳವರ ಮನೆಯಿಂದ ಬಿದ್ದ ಭಿಕ್ಷೆಯಾಗಿರಲಿಲ್ಲ ಇದು.

ಶಾಲೆಗೆ ಶಾಲೆ ಜೊತೆಯಾಯಿತು. ಶಿಕ್ಷಕರು ಹೋಗಿ ತಿಂಗಳುಗಟ್ಟಲೆ ಪಾಠ ಮಾಡಿದರು. ಇಂಥ ಸಂಘಗಳನ್ನೆಲ್ಲ ಒಂದೆಡೆ ತರಲು ‘ಹಬ್ ಕಮ್ರಿ ಆಫ್ರಿಕಾ’ ಎಂಬ ಕೇಂದ್ರವೂ ಹುಟ್ಟಿತು.

ಇದು ಬಿಳಿಯರ ಪುಣ್ಯಸಂಪಾದನೆ ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ವೇಲ್ಸ್‌ನವರು ವೀಸಾ ಇಲ್ಲದೆಯೇ ಲೆಸೊಥೊಗೆ ಹೋಗಬಹುದು. ಆದರೆ ಲೆಸೊಥೊದವರಿಗಿದ್ದ ವೀಸಾ ವಿನಾಯಿತಿಯನ್ನು ಬ್ರಿಟನ್ 2009ರಲ್ಲಿ ಕಿತ್ತುಕೊಂಡಿತು. ಅತಿಥಿ ಬರಲಾಗದ ಮನೆಯಲ್ಲಿ ಇದೆಂಥ ನಂಟು? ಹಾಗೆಂದು ತಪ್ಪನ್ನು ಪಾಠ ಮಾಡಲು ಹೋದ ಮೇಷ್ಟ್ರ ತಲೆಗೆ ಕಟ್ಟುವುದೇ? ಬಾಗಿಲು ಹಾಕಿದ್ದು ಲಂಡನ್ನಿನ ಸರ್ಕಾರ.

ಅದೇ ಸರ್ಕಾರ ವಿದೇಶಿ ನೆರವನ್ನು 2021ರಲ್ಲಿ ರಾಷ್ಟ್ರೀಯ ಆದಾಯದ ಶೇ. 0.7ರಿಂದ 0.5ಕ್ಕೆ ಇಳಿಸಿತು. 2027ಕ್ಕೆ 0.3ಕ್ಕೆ ಇಳಿಸುವುದಾಗಿ 2025ರಲ್ಲಿ ಸಾರಿತು. ಲೆಸೊಥೊದಲ್ಲಿ ವಯಸ್ಕರಲ್ಲಿ ಸುಮಾರು ಐವರಿಗೊಬ್ಬರು ಎಚ್‌ಐವಿ ಸೋಂಕಿತರು. 2025ರಲ್ಲಿ ಅಮೆರಿಕ ಏಕಾಏಕಿ ಹಣ ನಿಲ್ಲಿಸಿದಾಗ ಅಲ್ಲಿ ನೂರಾರು ಆರೋಗ್ಯ ಕಾರ್ಯಕರ್ತರು ಕೆಲಸ ಕಳೆದುಕೊಂಡರು. ಎಚ್‌ಐವಿ ಮಾತ್ರೆಯನ್ನು ಒಂದು ದಿನವೂ ಬಿಡದೆ, ಬದುಕಿರುವವರೆಗೂ ನುಂಗಬೇಕು. ಶಾಲೆಯ ಮಕ್ಕಳು ಕೇಕು ಮಾರಿ ಕೂಡಿಸಿದ ಕಾಸಿನಿಂದ ಅದು ಆಗುವ ಕೆಲಸವೇ? ಆದರೂ ಇಂಥ ಸಂಘಗಳನ್ನು ಮುಂದಿಟ್ಟು ‘ನಮ್ಮ ಜನ ಎಷ್ಟು ಉದಾರಿಗಳು ನೋಡಿ’ ಎನ್ನುತ್ತ ಖಜಾನೆಗೆ ಬೀಗ ಹಾಕುವುದು ಶುದ್ಧ ವಂಚನೆ.

ಹೆಸರು ಗೊತ್ತಿಲ್ಲದವರ ಔಷಧಿ ನಿಲ್ಲಿಸುವುದು ಸುಲಭ. ಹೆಸರು ಗೊತ್ತಿರುವ ವೇಲ್ಸ್‌ನ ಗೆಳೆಯರು ಮುಂದಿನ ಸಲ ಪುಸ್ತಕದ ಗಂಟು ಕಟ್ಟುವ ಮೊದಲು, ತಮ್ಮ ಸಂಸದರ ಬಾಗಿಲು ಬಡಿದು ಆ 0.3ರ ಲೆಕ್ಕ ಕೇಳಲಿ. ವೀಸಾದ ಮಾತನ್ನೂ ಎತ್ತಲಿ.