ಕೈತೋಟ: ಬಿರುಬೇಸಿಗೆಯಲ್ಲಿ ದಪ್ಪ ಟೊಮೇಟೊ

ಗಿಡ ಹುಲುಸಾಗಿದೆ, ಹೂವೂ ಬೇಕಾದಷ್ಟಿದೆ. ಆದರೆ ತೊಟ್ಟು ಹಳದಿಗೆ ತಿರುಗಿ ಹೂವೆಲ್ಲ ಮಣ್ಣುಪಾಲಾಗುತ್ತಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗ ಸೀಮೆಗಳ ಕೈತೋಟಗಳಲ್ಲಿ ಏಪ್ರಿಲ್ ತಿಂಗಳಲ್ಲಿ ಪದೇ ಪದೇ ಕಾಣುವ ನೋಟವಿದು. ತೊಟ್ಟಿಯ ತಳ ಕಾಣುವ ದಿನಗಳಲ್ಲೂ ಮನೆಯಾಕೆ ಮನಸ್ಸು ತಡೆಯಲಾರದೆ ಇನ್ನೊಂದು ಬಿಂದಿಗೆ ನೀರು ಸುರಿಯುವಳು. ಯಜಮಾನರು ಅಂಗಡಿಯಿಂದ ಯೂರಿಯಾ ತರುವರು. ಎರಡೂ ವ್ಯರ್ಥವೆಂದು ಹೇಳಲು ನಮಗೆ ವಿಷಾದವೆನಿಸುತ್ತದೆ. ಗಿಡ ಬೇಡುತ್ತಿರುವುದು ತಂಪಾದ ರಾತ್ರಿಯನ್ನು.

ಹಗಲಿನ ಉಷ್ಣತೆ ೩೫ ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ ೨೪ರ ಕೆಳಗಿಳಿಯದಿದ್ದರೆ ಟೊಮೇಟೊ ಹೂವಿನ ಪರಾಗ ಜೊಳ್ಳಾಗುತ್ತದೆ. ಈ ಹಾನಿ ಹೂವು ಅರಳುವುದಕ್ಕೆ ಎಂಟು-ಹತ್ತು ದಿನ ಮೊದಲೇ, ಮೊಗ್ಗಿನೊಳಗೇ ನಡೆದುಹೋಗಿರುತ್ತದೆ. ಅರಳಿದ ಮೇಲೆ ಮಾಡುವ ಉಪಚಾರಕ್ಕೆ ಫಲವಿಲ್ಲ. ಗೋಲಿಯಂಥ ಸಣ್ಣ ಜಾತಿಗಳು ಸೆಕೆಯನ್ನು ಸ್ವಲ್ಪ ತಾಳಿಕೊಳ್ಳುತ್ತವೆ. ಹೆಚ್ಚು ಸೋಲುವುದು ಒಂದೊಂದು ಹಣ್ಣೂ ಕಾಲು ಕಿಲೋ, ಅದಕ್ಕೂ ಮಿಗಿಲಾಗಿ ತೂಗುವ, ಒಳಗೆ ಹಲವು ಅರೆಗಳುಳ್ಳ ದಪ್ಪ ಜಾತಿ. ಅಮೆರಿಕದಲ್ಲಿ ಇದನ್ನು ‘ಬೀಫ್‌ಸ್ಟೇಕ್’ ಎನ್ನುವರು. ಹೋಳು ಮಾಂಸದ ತುಂಡಿನಂತೆ ದಪ್ಪಗೆ ಕಾಣುವುದರಿಂದ ಬಂದ ಹೆಸರಷ್ಟೆ. ಮನೆಯ ಹಿರಿಯರು ಗಾಬರಿಪಡಬೇಕಾಗಿಲ್ಲ.

ಹೊಸೂರು, ತಾಳವಾಡಿಯ ವಾಚಕರಿಗೆ ಈ ಕಷ್ಟ ಅಷ್ಟಾಗಿ ತಟ್ಟದು. ಅಲ್ಲಿನ ಎತ್ತರದ ನೆಲ ಸಂಜೆಯಾಗುತ್ತಲೇ ತಣಿಯುತ್ತದೆ. ಅಲ್ಲಿನ ನೆಂಟರು ಕೊಟ್ಟ ಬೀಜ ಸೊಲ್ಲಾಪುರದಲ್ಲಿ ಕಾಯಿ ಕಟ್ಟಲಿಲ್ಲವೆಂದು ಬೀಜವನ್ನು ಹಳಿಯುವುದು ನ್ಯಾಯವಲ್ಲ.

ಹಾಗಾದರೆ ಬಯಲುಸೀಮೆಯವರು ದಪ್ಪ ಹಣ್ಣಿನ ಆಸೆಯನ್ನೇ ಬಿಡಬೇಕೆ? ಬೇಡ, ಕಾಲವನ್ನು ಹಿಂದಕ್ಕೆ ಎಳೆಯಬೇಕು. ಕಾರ್ತಿಕ ಕಳೆಯುವ ಹೊತ್ತಿಗೆ, ಅಂದರೆ ನವೆಂಬರ್ ಕೊನೆಗೆ, ಬೀಜ ಹಾಕಿ, ೨೫-೩೦ ದಿನಗಳ ಸಸಿಯನ್ನು ನಾಟಿ ಮಾಡಿದರೆ ಫೆಬ್ರವರಿಯ ತಂಪು ರಾತ್ರಿಗಳಲ್ಲಿ ಕಾಯಿ ಕಚ್ಚುತ್ತದೆ. ಒಮ್ಮೆ ಕಚ್ಚಿದ ಕಾಯಿ ಬಿಸಿಲನ್ನು ಬಹಳಮಟ್ಟಿಗೆ ತಾಳಿಕೊಂಡು ದಪ್ಪವಾಗುವುದು. ಯುಗಾದಿಯ ಅಡಿಗೆಗೆ ಹಿತ್ತಲಿನ ಹಣ್ಣೇ ಒದಗೀತು.

ಆಮೇಲಿನ ಕೆಲಸವೆಲ್ಲ ಬೇರನ್ನು ತಂಪಾಗಿಡುವುದು. ಕಬ್ಬಿನ ರವದಿಯನ್ನೋ ಒಣಹುಲ್ಲನ್ನೋ ಬುಡದ ಸುತ್ತ ನಾಲ್ಕು ಬೆರಳು ದಪ್ಪಕ್ಕೆ ಹೊದಿಸಿದರೆ ನೀರಿನ ಖರ್ಚು ಎಷ್ಟೋ ಕಡಿಮೆಯಾಗುತ್ತದೆ. ನೀರನ್ನು ಮುಂಜಾನೆ ಒಂದೇ ಹದದಲ್ಲಿ ಕೊಡಬೇಕು. ಮೂರು ದಿನ ಒಣಗಿಸಿ ನಾಲ್ಕನೆಯ ದಿನ ಕೆರೆಯಂತೆ ನಿಲ್ಲಿಸಿದರೆ ಹಣ್ಣು ಬಿರಿಯುತ್ತದೆ, ತುದಿ ಕಪ್ಪಾಗಿ ಕೊಳೆಯುತ್ತದೆ. ಪಡುವಣ ದಿಕ್ಕಿಗೆ ನಾಲ್ಕು ಗೂಟ ನೆಟ್ಟು ಹಳೆಯ ತೆಳುಸೀರೆ ಕಟ್ಟಿದರೆ ಮಧ್ಯಾಹ್ನದ ಝಳ ತಪ್ಪೀತು. ಕೆಲವರು ಚೊಕ್ಕಟವೆಂದು ಎಲೆಗಳನ್ನು ಸವರುತ್ತಾರೆ. ಬೇಸಿಗೆಯಲ್ಲಿ ಅದು ಸಲ್ಲದು, ಎಲೆಯೇ ಕಾಯಿಗೆ ಕೊಡೆ. ಎಲೆ ಮುಟುರಿಕೊಂಡ ಗಿಡವನ್ನು ಮಾತ್ರ ದಾಕ್ಷಿಣ್ಯವಿಲ್ಲದೆ ಕಿತ್ತುಹಾಕಬೇಕು. ಬಿಳಿನೊಣ ಆ ನಂಜನ್ನು ಪಕ್ಕದ ಗಿಡಕ್ಕೆ ದಾಟಿಸುತ್ತದೆ.

ತಡವಾಗಿ ನಾಟಿ ಮಾಡುವವರು ಗಾತ್ರದ ಆಸೆಯನ್ನು ಕೊಂಚ ಇಳಿಸುವುದು ಲೇಸು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ‘ಟಿಪ್‌ಟಾಪ್’ ಎಂಬ ಅಮೆರಿಕದ ತಳಿಯಿಂದಲೇ ಆಯ್ದು ತೆಗೆದ ‘ಅರ್ಕಾ ವಿಕಾಸ್’ ನೀರಿನ ಕೊರತೆಗೆ ಹೊಂದಿಕೊಳ್ಳುತ್ತದೆ. ಹಣ್ಣು ೮೦-೯೦ ಗ್ರಾಂ ತೂಗೀತು. ಸಾರಿಗೆ ಅಷ್ಟು ಸಾಲದೆ? ಕಾಸರಗೋಡಿನ ಹುಳಿಮಣ್ಣಿನಲ್ಲಿ ಸೆಕೆಯ ಜೊತೆಗೆ ಸೊರಗು ರೋಗದ ಕಾಟವೂ ಉಂಟು. ಅಲ್ಲಿನವರಿಗೆ ಕೇರಳ ಕೃಷಿ ವಿಶ್ವವಿದ್ಯಾಲಯದ ‘ಶಕ್ತಿ’, ‘ಮುಕ್ತಿ’ ತಳಿಗಳು ಒಳ್ಳೆಯವು.

ಕಡು ಬಿಸಿಲಿನಲ್ಲಿ ಗಿಡದಲ್ಲೇ ಬಿಟ್ಟ ಹಣ್ಣಿಗೆ ಕೆಂಪು ಸರಿಯಾಗಿ ಏರದು, ಹೆಗಲು ಹಳದಿಯಾಗಿಯೇ ಉಳಿಯುವುದು. ತುದಿಯಲ್ಲಿ ನಸುಗೆಂಪು ಕಂಡೊಡನೆ ಕೊಯ್ದು, ಒಳಮನೆಯ ನೆರಳಿನಲ್ಲಿ ಬುಟ್ಟಿಯೊಳಗೆ ಹುಲ್ಲು ಹಾಸಿ ಇಟ್ಟರೆ ಕೆಲವೇ ದಿನಗಳಲ್ಲಿ ಒಳ್ಳೆಯ ಬಣ್ಣ ತಿರುಗುತ್ತದೆ. ಕೊಯ್ಲು ಮುಗಿದ ಗಿಡ ರೋಗವಿಲ್ಲದೆ ಹಸಿರಾಗಿದ್ದರೆ ಕೀಳಬೇಡಿ. ಜೂನ್ ಮಳೆಯ ತಂಪಿಗೆ ಅದು ಮತ್ತೆ ಕಾಯಿ ಕಚ್ಚುವುದುಂಟು.