ಡಾಂಬರು ಮುಗಿದಲ್ಲಿ ಜಾನಪದವೂ ಮುಗಿಯಬೇಕೆ?

ಕ್ಷೇತ್ರಕಾರ್ಯಕ್ಕೆ ಹೊರಡುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ರೂಪಿಸುವುದನ್ನು ಕಲಿಸುತ್ತೇವೆ. ಧ್ವನಿಮುದ್ರಣದ ಕ್ರಮವನ್ನು ತಿಳಿಸುತ್ತೇವೆ. ಹಾಡುವವರ ಮನೆಯಂಗಳದಲ್ಲಿ ಹೇಗೆ ಕುಳಿತುಕೊಳ್ಳಬೇಕೆಂಬುದನ್ನೂ ಹೇಳಿಕೊಡುತ್ತೇವೆ. ಆ ಅಂಗಳದವರೆಗೆ ನಡೆಯಬಲ್ಲ ಕಾಲುಗಳ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದು ವ್ಯಾಯಾಮ ಶಿಕ್ಷಕರ ವಿಷಯ, ಸಾಹಿತ್ಯದವರಿಗೇಕೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಈ ಭಾವನೆಯಿಂದ ಕನ್ನಡದ ಅಧ್ಯಯನಕ್ಕೇ ನಷ್ಟವಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ. ಆ ನಷ್ಟವನ್ನು ಕಣ್ಣಾರೆ ಕಾಣಬೇಕಾದರೆ ದಿಂಬಂಗೆ ಹೋಗಬೇಕು.

ಚಾಮರಾಜನಗರದಿಂದ ಪುಣಜನೂರು, ಹಾಸನೂರುಗಳನ್ನು ದಾಟಿದರೆ ದಿಂಬಂ. ಅಲ್ಲಿಂದ ಹೆದ್ದಾರಿ 27 ಕಡಿದಾದ ತಿರುವುಗಳಲ್ಲಿ ಬನ್ನಾರಿಗೆ ಇಳಿಯುತ್ತದೆ; ಇನ್ನೊಂದು ಕವಲು ತಲಮಲೆಯ ಮೇಲೆ ಹಾಯ್ದು ತಾಳವಾಡಿಗೆ ಹೋಗುತ್ತದೆ. ಆಡಳಿತದ ಲೆಕ್ಕದಲ್ಲಿ ಇದು ತಮಿಳುನಾಡಿನ ಈರೋಡು ಜಿಲ್ಲೆ. ತಾಳವಾಡಿ ಸೀಮೆಯ ಮನೆಮಾತು ಬಹುಮಟ್ಟಿಗೆ ಕನ್ನಡ. ರಾಜಕುಮಾರರ ಹುಟ್ಟೂರು ಗಾಜನೂರು ಇರುವುದು ಇಲ್ಲಿಯೇ. ಸೋಲಿಗರು, ಊರಾಳಿಗಳು ಈ ಮಲೆಗಳ ಹಳೆಯ ನಿವಾಸಿಗಳು. ಎಪ್ಪತ್ತೇಳು ಮಲೆಯ ಒಡೆಯನೆನಿಸಿದ ಮಾದೇಶ್ವರನ ಕಥನಕ್ಕೆ ಈ ಸುತ್ತಿನಲ್ಲಿ ಕಿವಿಗಳೂ ಉಂಟು, ಕೊರಳುಗಳೂ ಉಂಟು.

ಇಂತಹ ಸೀಮೆಯಿಂದ ನಮ್ಮ ವಿದ್ಯಾರ್ಥಿಗಳು ತರುವ ಸಂಗ್ರಹಗಳನ್ನು ಹಲವು ವರ್ಷಗಳಿಂದ ಓದುತ್ತಿದ್ದೇನೆ. ಹೆಚ್ಚಿನವು ಬಸ್ಸು ನಿಲ್ಲುವ ಜಾಗದಿಂದ ಕೂಗಳತೆಯಲ್ಲಿ ದೊರೆತವು. ಚಹದಂಗಡಿಯ ಬಳಿಯ ಹಾಡುಗಾರ ಬಂದವರಿಗೆಲ್ಲ ಅದೇ ಹಾಡನ್ನು ಹಾಡಿ ಹಾಡಿ ಪಳಗಿದ್ದಾನೆ. ಎರಡು ದಿಣ್ಣೆ ಆಚೆಗಿನ ಹಟ್ಟಿಯಲ್ಲಿರುವ ಮುದುಕಿಯ ಪಾಠವನ್ನು ಯಾರೂ ಬರೆದುಕೊಂಡಿಲ್ಲ. ಮೊದಲ ದಿಣ್ಣೆಯಲ್ಲೇ ಏದುಸಿರು ಬಂದು, ಇಳಿಜಾರಿನಲ್ಲಿ ತೊಡೆ ನಡುಗಿ, ಅರ್ಧ ತಂಡ ಹಿಂದಿರುಗುವುದನ್ನು ನೋಡಿದ್ದೇನೆ. ರಾಬರ್ಟ್ ಚೇಂಬರ್ಸ್ ಎಂಬ ವಿದ್ವಾಂಸರು 1983ರ ತಮ್ಮ ಗ್ರಂಥದಲ್ಲಿ, ಹೊರಗಿನಿಂದ ಬರುವ ತಜ್ಞರ ಕಣ್ಣಿಗೆ ಬೀಳುವುದು ಡಾಂಬರು ರಸ್ತೆಯ ಬದಿಯ ಹಳ್ಳಿಯಷ್ಟೇ ಎಂದು ತೋರಿಸಿಕೊಟ್ಟರು. ಅವರು ಹೇಳಿದ್ದು ಬಡತನದ ಅಧ್ಯಯನವನ್ನು ಕುರಿತು. ನಮ್ಮ ಜಾನಪದ ಸಂಗ್ರಹಕ್ಕೂ ಆ ಮಾತು ಸಲ್ಲುತ್ತದೆ.

ಒಂದು ಎಚ್ಚರಿಕೆ. ಸತ್ಯಮಂಗಲ ಅರಣ್ಯ 2013ರಿಂದ ಹುಲಿ ಸಂರಕ್ಷಿತ ಪ್ರದೇಶ, ಆನೆಗಳ ನೆಲೆ. ಅನುಮತಿಯಿಲ್ಲದೆ, ಊರವರ ಜೊತೆಯಿಲ್ಲದೆ ಅಲ್ಲಿ ಹೆಜ್ಜೆಯಿಡುವುದು ಸಾಹಸವಲ್ಲ, ಮೂರ್ಖತನ. 2022ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಹಗಲೇ ಹೋಗಿ ಹಗಲೇ ಮರಳಬೇಕು. ಆದುದರಿಂದಲೇ ಸೋತ ಕಾಲು ನುಂಗುವ ಒಂದೊಂದು ಗಂಟೆಯೂ ಒಂದೊಂದು ಹಾಡಿನ ನಷ್ಟ.

ಬೆಟ್ಟ ಹತ್ತುವುದು ಕಷ್ಟ, ಇಳಿಯುವುದು ಸುಲಭವೆಂಬುದು ಬಯಲುಸೀಮೆಯವರ ಎಣಿಕೆ. ಹತ್ತುವಾಗ ದಣಿಯುವುದು ಉಸಿರು. ಇಳಿಯುವಾಗ ಪೆಟ್ಟು ತಿನ್ನುವುದು ತೊಡೆಯ ಮುಂಭಾಗದ ಸ್ನಾಯು. ಇಳಿಯುವ ಪ್ರತಿ ಹೆಜ್ಜೆಯಲ್ಲೂ ಅದು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಹಿಗ್ಗುತ್ತ ದುಡಿಯುವ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮವಾದ ಗಾಯಗಳಾಗುತ್ತವೆ. ಮರುದಿನ, ಮೂರನೆಯ ದಿನ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಗುವುದು ಇದರಿಂದಲೇ. ಇದೇ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಮೊದಲೇ ಮಾಡಿಸಿದ್ದರೆ ಸ್ನಾಯು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮುಂದಿನ ಸಲ ನೋವು ಬಹಳ ಕಡಿಮೆ. ಪದೇ ಪದೇ ದುಡಿಸಿದಂತೆ ಎಳೆಗಳ ಸುತ್ತ ಕಿರುರಕ್ತನಾಳಗಳು ಹೆಚ್ಚುತ್ತವೆ, ದಣಿವು ತಡವಾಗಿ ಬರುತ್ತದೆ. ಕಸುವು ಬೇರೆ, ತಾಳಿಕೆ ಬೇರೆ. ಮಲೆಯಲ್ಲಿ ಬೇಕಾದುದು ಎರಡನೆಯದು.

ಇದಕ್ಕೆ ಉಪಕರಣ ಬೇಡ, ಶುಲ್ಕ ಕೊಟ್ಟು ಸೇರುವ ವ್ಯಾಯಾಮಶಾಲೆ ಬೇಡ; ನಮ್ಮ ಮೈಯ ಭಾರವೇ ಸಾಕು. ಬಸ್ಕಿ ಎಂದೊಡನೆ ನೀವು ನಗುವಿರೆಂದು ಬಲ್ಲೆ. ನಾನು ಓದಿದ್ದು ಅರ್ಧ ಮರಾಠಿಯಲ್ಲಿ, ಅರ್ಧ ಕನ್ನಡದಲ್ಲಿ. ಅಲ್ಲಿ ತಪ್ಪು ಮಾಡಿದವನಿಗೆ 'ಉಠಾಬಶಾ', ಇಲ್ಲಿ 'ಬಸ್ಕಿ ಹೊಡಿ'. ಶಿಕ್ಷೆಯ ಮಟ್ಟಿಗೆ ಎರಡೂ ಭಾಷೆಗಳಿಗೆ ಒಮ್ಮತವಿತ್ತು! ಗರಡಿಯಲ್ಲಿ ಗೌರವದಿಂದ ಬಾಳಿದ ಸಾಧನೆಯೊಂದನ್ನು ಶಾಲೆಗಳು ಅವಮಾನದ ಗುರುತಾಗಿಸಿದವು. ಓದಿದವರು ಅದನ್ನು ಕೈಬಿಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. 'ತಾಲೀಮು' ಎಂಬ ಪದವನ್ನು ಗಮನಿಸಿ. ಮೂಲದ ಅರಬ್ಬಿಯಲ್ಲಿ ಅದರ ಅರ್ಥ ಶಿಕ್ಷಣ. ಮರಾಠಿಯಲ್ಲಿ ಕುಸ್ತಿಯ ಮನೆಗೂ ಅದೇ ಹೆಸರು. ಕನ್ನಡದಲ್ಲಿ ನಾಟಕದ ಅಭ್ಯಾಸವೂ ತಾಲೀಮೇ. ಓದು, ಮೈ, ಕಲೆ ಮೂರಕ್ಕೂ ಒಂದೇ ಪದ ಸಾಲುವುದಾದರೆ ನಮ್ಮ ವೇಳಾಪಟ್ಟಿಯಲ್ಲಿ ಅವು ಒಂದರ ಮುಖವನ್ನೊಂದು ನೋಡದಿರುವುದೇಕೆ?

ಕ್ರಮ ಸರಳವಾದುದು. ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಮೊದಲ ವಾರ ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದು. ಎರಡನೆಯ ವಾರದಿಂದ ಬಸ್ಕಿ: ನಾಲ್ಕು ಎಣಿಸುತ್ತ ಇಳಿಯಬೇಕು, ಒಂದು ಎಣಿಸಿ ಏಳಬೇಕು, ಹಿಮ್ಮಡಿ ನೆಲ ಬಿಡಬಾರದು. ಹತ್ತರಿಂದ ಆರಂಭಿಸಿ ಇಪ್ಪತ್ತಕ್ಕೆ ಮುಟ್ಟಿ, ನಡುವೆ ಒಂದು ನಿಮಿಷ ವಿಶ್ರಮಿಸಿ, ಮೂರು ಸುತ್ತು. ಜಗಲಿಯ ಮೆಟ್ಟಿಲಿನಿಂದ ಒಂದು ಕಾಲನ್ನು ಮೆಲ್ಲನೆ ಕೆಳಗಿಳಿಸಿ, ನೆಲ ಸೋಕುತ್ತಲೇ ಮತ್ತೆ ಮೇಲೆತ್ತುವುದು ಇಳಿಜಾರಿಗೆ ಅತ್ಯುತ್ತಮ ಸಿದ್ಧತೆ. ಮೀನಖಂಡಕ್ಕಾಗಿ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಗೋಡೆಗೆ ಬೆನ್ನು ಹಚ್ಚಿ, ಇಲ್ಲದ ಕುರ್ಚಿಯಲ್ಲಿ ಕುಳಿತಂತೆ ಅರ್ಧ ನಿಮಿಷ ನಿಲ್ಲಿ. ಒಟ್ಟು ಇಪ್ಪತ್ತು ನಿಮಿಷ. ಸ್ನಾಯು ಉರಿದರೆ ಸಹಜ. ಮಂಡಿಯ ಕೀಲಿನಲ್ಲಿ ಚುಚ್ಚಿದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಸಾಹಿತ್ಯದ ವಿದ್ಯಾರ್ಥಿಗೆ ಇದು ಹೊರಗಿನ ಹೊರೆ ಎನ್ನುವವರು ಬೀಸು ಕಂಸಾಳೆಯನ್ನು ಒಮ್ಮೆ ಹತ್ತಿರದಿಂದ ನೋಡಲಿ. ಬಗ್ಗಿ, ಮಂಡಿಯೂರಿ, ಚಿಮ್ಮಿ ಎದ್ದು, ತಾಳ ತಪ್ಪದೆ ಕುಣಿಯುವ ಆ ಕಾಲುಗಳಿಲ್ಲದೆ ಆ ಕಲೆಯೇ ಇಲ್ಲ. ಕಾವ್ಯವನ್ನು ಕಿವಿಯಿಂದಷ್ಟೇ ಅಳೆಯುವುದು ನಮ್ಮ ತರಗತಿಯ ರೂಢಿ. ವಯಸ್ಸಿನ ನೆಪವೂ ನಿಲ್ಲುವುದಿಲ್ಲ: 1983ರ 'ಕಾಮನಬಿಲ್ಲು' ಚಿತ್ರದಲ್ಲಿ ಯೋಗಾಸನಗಳನ್ನು ಹಾಕಿದಾಗ ಗಾಜನೂರಿನ ಮಗ ಐವತ್ತನ್ನು ದಾಟಿದ್ದರು. ನಾನೂ ಐವತ್ತನ್ನು ದಾಟಿದವನೇ, ಬಸ್ಕಿ ಬಿಟ್ಟಿಲ್ಲ.

ನಡೆಯಲಾಗದವರನ್ನು ಹೊರಗಿಡುವ ಮಾತು ಇದಲ್ಲ. ಲಿಪ್ಯಂತರ, ಪಾಠಾಂತರಗಳ ಹೋಲಿಕೆ, ಪದಕೋಶ ಇವು ಕ್ಷೇತ್ರಕಾರ್ಯದ ಸಮಪಾಲಿನ ಭಾಗಗಳು. ಅಂಕಗಳಲ್ಲೂ ಸಮಪಾಲೇ ಇರಬೇಕು. ಆದರೆ ನಡೆಯಬಲ್ಲವರು ಚಹದಂಗಡಿಯಲ್ಲೇ ಉಳಿಯಲು ಕಾರಣವಿಲ್ಲ. ದಿಂಬಂ ಪ್ರವಾಸಕ್ಕೆ ಹೆಸರು ಕೊಡುವವರಿಗೆ ಎಂಟು ವಾರ ಮೊದಲೇ ಪ್ರಶ್ನಾವಳಿಯೊಡನೆ ಈ ಅಭ್ಯಾಸದ ಪಟ್ಟಿಯನ್ನೂ ಕೊಡಬೇಕೆಂದು ವಿಭಾಗದ ಸಭೆಯಲ್ಲಿ ಕೇಳಲಿದ್ದೇನೆ. ಸಭೆ ಒಪ್ಪುವವರೆಗೆ ಕಾಯಬೇಕಾಗಿಲ್ಲ. ವಸತಿನಿಲಯದ ಮೆಟ್ಟಿಲು ಇಂದು ಸಂಜೆಯೂ ಅಲ್ಲೇ ಇರುತ್ತದೆ.