ಇಯರ್‌ಫೋನ್ ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದಿ

ನಮ್ಮ ಕಡೆ ಯಾವ ತಾಲ್ಲೂಕಿನ ಬಸ್ ಸ್ಟ್ಯಾಂಡಿಗೆ ಹೋದರೂ 100 ರೂಪಾಯಿಗೆ ಒಂದು ಇಯರ್‌ಫೋನ್ ಸಿಗುತ್ತದೆ. ಸ್ವಲ್ಪ ಚೌಕಾಸಿ ಮಾಡಿದರೆ 80ಕ್ಕೂ ಕೊಡುತ್ತಾರೆ. ಎರಡು ತಿಂಗಳಾಗುವುದರೊಳಗೆ ಒಂದು ಕಿವಿ ಬಂದ್. ಪಿನ್ ತಿರುವಿ, ವೈರ್ ಮಡಚಿ, ರಬ್ಬರ್ ಬ್ಯಾಂಡ್ ಸುತ್ತಿ ಇನ್ನೊಂದು ವಾರ ಓಡಿಸುತ್ತೇವೆ. ಆಮೇಲೆ ಮತ್ತೆ 100 ರೂಪಾಯಿ. ವರ್ಷಕ್ಕೆ ಐದಾರು ಸಲ ಹೀಗೆ ಕೊಳ್ಳುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ಕೂಡಿಸಿ ನೋಡಿ, 500-600 ರೂಪಾಯಿ ಹೋಗಿರುತ್ತದೆ. ಕೈಯಲ್ಲಿ ಬಿಲ್ಲೂ ಇರುವುದಿಲ್ಲ, ವಾರಂಟಿಯೂ ಇರುವುದಿಲ್ಲ.

ಹೆಸರಿರುವ ಕಂಪನಿಯ ವೈರ್ ಇಯರ್‌ಫೋನ್ 300ರಿಂದ 400 ರೂಪಾಯಿಗೆ ಬರುತ್ತದೆ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಬಿಸಿಲಲ್ಲಿ ಒಂದಿಡೀ ದಿನ ಮಣ್ಣು ಹೊತ್ತರೆ ಒಂದು ಇಯರ್‌ಫೋನ್. ಹಾಗಿರುವಾಗ ಆ ದುಡ್ಡು ಎಲ್ಲಿಗೆ ಹೋಗುತ್ತದೆ, ಮಾಲು ಕೆಟ್ಟರೆ ಯಾರನ್ನು ಕೇಳಬೇಕು ಎಂದು ವಿಚಾರಿಸುವುದು ಜಿಪುಣತನವಲ್ಲ.

ವೈರ್ ಯಾಕೆ, ಈಗ ಎಲ್ಲರೂ ವೈರ್‌ಲೆಸ್ ಹಾಕಿಕೊಳ್ಳುತ್ತಾರಲ್ಲ ಎನ್ನುವವರಿಗೆ ಒಂದು ಮಾತು. ವೈರಿಗೆ ಚಾರ್ಜು ಬೇಡ. ಮಧ್ಯಾಹ್ನ ಕರೆಂಟ್ ಹೋದರೆ ಅದಕ್ಕೇನೂ ಆಗುವುದಿಲ್ಲ. ಹೊಲದಲ್ಲಿ ಒಂದು ಕಿವಿಯದು ಬಿದ್ದು ಕಳೆದುಹೋಗುವ ಪ್ರಶ್ನೆಯೂ ಇಲ್ಲ. ಎಫ್‌ಎಂ ಕೇಳುವವರಿಗಂತೂ ವೈರೇ ಬೇಕು, ಏಕೆಂದರೆ ಫೋನಿನ ರೇಡಿಯೊಗೆ ಆ ವೈರೇ ಆಂಟೆನಾ. ಡೇಟಾ ಖರ್ಚಿಲ್ಲದೆ ಆಕಾಶವಾಣಿ ಕೇಳಬೇಕೆಂದರೆ ಅದು ಇಲ್ಲದೆ ಆಗುವುದಿಲ್ಲ. ನನ್ನಂಥ ವರದಿಗಾರರು ಜಾತ್ರೆ ಗದ್ದಲದಲ್ಲಿ ನಿಂತು ವಾಯ್ಸ್ ಕಳಿಸುವುದು ಇವತ್ತಿಗೂ ವೈರಿನ ಮೈಕ್ ಬಾಯಿ ಹತ್ತಿರ ಹಿಡಿದೇ.

ಇನ್ನು ‘ನಮ್ಮ ದೇಶದ್ದು’ ಎಂಬ ಮಾತಿಗೆ ಬರೋಣ. ಇಲ್ಲಿ ದೊಡ್ಡ ಗೊಂದಲವಿದೆ. ಐಫೋನ್ ಅಮೆರಿಕದ ಕಂಪನಿಯದು, ಆದರೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಅದನ್ನು ಜೋಡಿಸುತ್ತಾರೆ. ಇತ್ತ ನಮ್ಮದೇ ದೇಶದ ಹೆಸರು ಹೊತ್ತ ಇಯರ್‌ಫೋನ್ ಚೀನಾದಲ್ಲಿ ತಯಾರಾಗಿ ಇಲ್ಲಿ ಬರೀ ಡಬ್ಬಿ ಬದಲಿಸಿಕೊಂಡಿರಬಹುದು. ಯಾವುದು ನಮಗೆ ಹತ್ತಿರದ್ದು? ಡಬ್ಬಿಯ ಮುಂದಿರುವ ನಟನ ಫೋಟೊ, ತ್ರಿವರ್ಣ ಪಟ್ಟಿ ನೋಡಿದರೆ ಇದು ಗೊತ್ತಾಗುವುದಿಲ್ಲ.

ಹಿಂದೆ ತಿರುಗಿಸಿದರೆ ಗೊತ್ತಾಗುತ್ತದೆ. ಪೊಟ್ಟಣದ ಸರಕುಗಳಿಗೆ 2011ರ ಕಾನೂನು ಮಾಪನ ನಿಯಮಗಳಿವೆ. ತಯಾರಿಸಿದವರ ಅಥವಾ ಆಮದು ಮಾಡಿಕೊಂಡವರ ಹೆಸರು, ವಿಳಾಸ, ಎಂಆರ್‌ಪಿ, ದೂರು ಹೇಳಲು ನಂಬರ್ ಎಲ್ಲವನ್ನೂ ಅದರ ಮೇಲೆ ಹಾಕಲೇಬೇಕು. ಹೊರದೇಶದ ಮಾಲಾದರೆ ಯಾವ ದೇಶದ್ದು ಎಂದೂ ಇರಬೇಕು. ‘ಮ್ಯಾನುಫ್ಯಾಕ್ಚರ್ಡ್ ಬೈ’ ಎಂದಿದ್ದರೆ ತಯಾರಿಸಿದವರು. ‘ಇಂಪೋರ್ಟೆಡ್ ಬೈ’ ಎಂದರೆ ಹೊರಗಿನಿಂದ ತರಿಸಿದವರು. ‘ಮಾರ್ಕೆಟೆಡ್ ಬೈ’ ಎಂದಷ್ಟೇ ದೊಡ್ಡದಾಗಿ ಇದ್ದರೆ ಅವರು ಮಾರುವವರು ಮಾತ್ರ, ತಯಾರಿಸಿದವರ ಹೆಸರನ್ನು ಪಕ್ಕದಲ್ಲೇ ಹುಡುಕಿ. ಇದೆಲ್ಲ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ ಎಂಬುದು ನನ್ನ ಹಳೆಯ ಸಿಟ್ಟು. ರಾಯಚೂರಿನಲ್ಲಿ ಮಾರುವ ಮಾಲಿನ ಮೇಲೆ ಒಂದು ಸಾಲು ಕನ್ನಡ ಹಾಕಿದರೆ ಯಾವ ಕಂಪನಿಯೂ ಮುಳುಗುವುದಿಲ್ಲ. ಸದ್ಯಕ್ಕೆ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಗೂಗಲ್ ಲೆನ್ಸ್ ಹಿಡಿದರೆ ಕನ್ನಡದಲ್ಲೂ ತೋರಿಸುತ್ತದೆ. ಆನ್‌ಲೈನ್‌ನಲ್ಲಿ ಕೊಳ್ಳುವವರು ‘ಕಂಟ್ರಿ ಆಫ್ ಒರಿಜಿನ್’ ಎಂಬ ಸಾಲು ಹುಡುಕಿ. 2020ರ ನಿಯಮದ ಪ್ರಕಾರ ಅದನ್ನು ಅಲ್ಲಿ ತೋರಿಸಬೇಕು.

ಕಲ್ಯಾಣ ಕರ್ನಾಟಕದ ನಮಗೆ ‘ಹತ್ತಿರ’ ಎಂದರೆ ಬೆಂಗಳೂರೇ ಆಗಬೇಕಿಲ್ಲ. ರಾಯಚೂರಿನಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್, ಹೈದರಾಬಾದ್ ಸುಮಾರು 200. ದವಾಖಾನೆಗೂ ಅಲ್ಲಿಗೇ ಹೋಗುತ್ತೇವೆ, ದುಡಿಯಲೂ ಅಲ್ಲಿಗೇ. ಮಿವಿ ಹೈದರಾಬಾದಿನ ಕಂಪನಿ, ಕಾರ್ಖಾನೆಯೂ ಅಲ್ಲೇ ಇದೆ. ಆದರೆ ಅದರ ಗಮನ ಹೆಚ್ಚಾಗಿ ವೈರ್‌ಲೆಸ್ ಕಡೆಗಿದೆ. ಪಿಟ್ರಾನ್ ಕೂಡ ಹೈದರಾಬಾದಿನದೇ, ಪಾಲ್‌ರೆಡ್ ಎಲೆಕ್ಟ್ರಾನಿಕ್ಸ್‌ನ ಬ್ರ್ಯಾಂಡ್. ಜೆಬ್ರಾನಿಕ್ಸ್ ಚೆನ್ನೈನದು. 2016ರಲ್ಲಿ ಶುರುವಾದ ಬೋಟ್ ಈಗ ಹಳ್ಳಿ ಅಂಗಡಿಯಲ್ಲೂ ನೇತಾಡುತ್ತದೆ. ಇವರಲ್ಲಿ ಯಾರದನ್ನೇ ಕೊಂಡರೂ ಮಾಡೆಲ್ ಮಾಡೆಲ್‌ಗೆ ಡಬ್ಬಿ ತಿರುಗಿಸಿ ನೋಡಿ. ಒಂದೇ ಬ್ರ್ಯಾಂಡಿನ ಒಂದು ಮಾಡೆಲ್ ಇಲ್ಲಿಯದು, ಇನ್ನೊಂದು ಹೊರಗಿನದು ಆಗಿರಬಹುದು.

2022ರ ಕೇಂದ್ರ ಬಜೆಟ್‌ನಲ್ಲಿ ಇಂಥ ಸಾಧನಗಳು ಇಲ್ಲೇ ತಯಾರಾಗಲಿ ಎಂದು ಆಮದು ಸುಂಕವನ್ನು ಹೊಂದಿಸಿದರು. ಅದೇ ವರ್ಷ ಬೋಟ್ ಮತ್ತು ಡಿಕ್ಸನ್ ಸೇರಿ ಇಲ್ಲಿ ತಯಾರಿಕೆಗೆ ಕೈಹಾಕಿದವು. ಹೆಚ್ಚಿನ ಓಟವೆಲ್ಲ ವೈರ್‌ಲೆಸ್ಸಿಗೆ, ಏಕೆಂದರೆ ಲಾಭ ಅಲ್ಲಿದೆ. ಇಲ್ಲಿ ತಯಾರಾದದ್ದರ ಒಳಗೂ ಚೀನಾದ ಬಿಡಿಭಾಗಗಳು ಬಹಳ ಇರುತ್ತವೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೂ ಜೋಡಣೆಯ ಕೆಲಸ ಇಲ್ಲಿ ನಡೆದರೆ ನಮ್ಮ ಐಟಿಐ, ಡಿಪ್ಲೊಮಾ ಓದಿದ ಮಕ್ಕಳಿಗೆ ಕೂರಲು ಒಂದು ಬೆಂಚಾದರೂ ಸಿಗುತ್ತದೆ. ಬೆಲೆಯಲ್ಲಿ 30-40 ರೂಪಾಯಿ ಹೆಚ್ಚಾದರೂ ನಾನು ಅದನ್ನೇ ಕೊಳ್ಳುತ್ತೇನೆ. ನೂರು ಹೆಚ್ಚಾದರೆ ಕೊಳ್ಳುವುದಿಲ್ಲ, ಕೊಳ್ಳಿ ಎಂದು ನಿಮಗೂ ಹೇಳುವುದಿಲ್ಲ.

ಮಾಲನ್ನೂ ನೋಡಬೇಕಲ್ಲ. ದುಂಡು ಪಿನ್ನಿನ ಮೇಲೆ ಕಪ್ಪು ಗೆರೆ ಎಷ್ಟಿವೆ ಎಣಿಸಿ. ಮೂರಿದ್ದರೆ ಮೈಕ್‌ಗೂ ಜಾಗವಿದೆ, ಎರಡೇ ಇದ್ದರೆ ಕೇಳಲು ಮಾತ್ರ. ವೈರ್ ಹೆಚ್ಚಾಗಿ ಕಡಿಯುವುದು ಪಿನ್ನಿನ ಬುಡದಲ್ಲಿ, ಜೇಬಿನೊಳಗೆ ಮಡಚಿ ಮಡಚಿ. ಬುಡದಲ್ಲಿ ಮೆತ್ತನೆಯ ರಬ್ಬರ್ ಕೊಳವೆ ಇರುವುದು, ಪಿನ್ ಅಡ್ಡ ಬಾಗಿರುವುದು ಹೆಚ್ಚು ಬಾಳುತ್ತದೆ.

ಹೊಸ ಫೋನ್ ಇದ್ದವರು ಇನ್ನೂ ಹುಷಾರಾಗಿರಬೇಕು. ಎಷ್ಟೋ ಫೋನಿನಲ್ಲಿ ದುಂಡು ತೂತೇ ಇಲ್ಲ, ಚಾರ್ಜರ್ ಹಾಕುವ ಟೈಪ್-ಸಿ ತೂತಿಗೇ ಇಯರ್‌ಫೋನ್ ಹಾಕಬೇಕು. ಟೈಪ್-ಸಿ ಇಯರ್‌ಫೋನಿನಲ್ಲಿ ಎರಡು ಜಾತಿ. ಒಂದರ ಪಿನ್ ಒಳಗೆ ಡ್ಯಾಕ್ ಎಂಬ ಸಣ್ಣ ಚಿಪ್ ಇರುತ್ತದೆ, ಫೋನಿನ ಡಿಜಿಟಲ್ ಸಿಗ್ನಲನ್ನು ಸ್ಪೀಕರಿಗೆ ಬೇಕಾದಂತೆ ಬದಲಿಸುವುದು ಅದೇ. ಇನ್ನೊಂದರಲ್ಲಿ ಚಿಪ್ ಇರುವುದಿಲ್ಲ, ಆ ಕೆಲಸವನ್ನು ಫೋನೇ ಮಾಡಬೇಕು. ಎಲ್ಲ ಫೋನುಗಳೂ ಮಾಡುವುದಿಲ್ಲ. ಗೆಳೆಯನ ಫೋನಿನಲ್ಲಿ ಹಾಡುವ ಇಯರ್‌ಫೋನ್ ನಿಮ್ಮದರಲ್ಲಿ ಮೂಕಾಗುವುದು ಇದಕ್ಕೇ. ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿ, ಎರಡೂ ಕಿವಿ ಕೇಳಿ, ಯಾರಿಗಾದರೂ ಒಂದು ಕಾಲ್ ಮಾಡಿ ಮೈಕ್ ಪರೀಕ್ಷಿಸಿ. ಡಬ್ಬಿ ಒಡೆಯಲು ಬಿಡದ ಅಂಗಡಿಯವರು ಇದ್ದಾರೆ, ಪಕ್ಕದ ಅಂಗಡಿಗೆ ಹೋಗಿ.

ನಾನಾದರೆ ತಾಲ್ಲೂಕಿನ ಪರಿಚಯದ ಮೊಬೈಲ್ ಅಂಗಡಿಯಲ್ಲೇ ತೆಗೆದುಕೊಳ್ಳುತ್ತೇನೆ, ಆದರೆ ಬಿಲ್ ಬರೆಸಿಕೊಂಡು. ಬಿಳಿ ಚೀಟಿಯಲ್ಲಿ ಪೆನ್ನಿನಲ್ಲಿ ಬರೆದ ಮೊತ್ತ ಸಾಲದು, ಅಂಗಡಿ ಹೆಸರು, ತಾರೀಖು, ಮಾಡೆಲ್ ಇರಬೇಕು. ಬಿಲ್ ಕೊಡಲು ಹಿಂದೆಮುಂದೆ ನೋಡುವ ಕಡೆ ನಕಲಿ ಮಾಲಿನ ಸಂಶಯ ಇಟ್ಟುಕೊಳ್ಳಿ. ಬಿಲ್ಲಿನ ಫೋಟೊ ತೆಗೆದು ಮನೆಯವರ ವಾಟ್ಸಾಪಿಗೆ ಹಾಕಿಟ್ಟರೆ ಕಾಗದ ಕಳೆದರೂ ಚಿಂತೆಯಿಲ್ಲ. ವಾರಂಟಿ ಅವಧಿಯಲ್ಲಿ ಕೆಟ್ಟು, ಅಂಗಡಿಯವರು ಕಂಪನಿಗೆ, ಕಂಪನಿಯವರು ಅಂಗಡಿಗೆ ಕೈ ತೋರಿಸತೊಡಗಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡುವಾಗ ಡಬ್ಬಿ ಎದುರಿಗಿರಲಿ, ಹಿಂದಿನ ವಿಳಾಸವನ್ನು ಅವರೂ ಕೇಳುತ್ತಾರೆ.